ಮಾಳಿಗೆ ಮೇಲೆ ಒಂದು ವಸ್ತಿ

ಏಪ್ರಿಲ್ 13, ಐತವಾರ

ಇವತ್ತು ಒಪ್ಪೊತ್ತು, ಒಂದೇ ಊಟ. ಮೈಲಾರಲಿಂಗನ ವಾರ. ಕೋಳಿ ಕೂಗುವ ಮೊದಲೇ ಎದ್ದು ಕಸ ಹೊಡೆದೆ, ಅಂಗಳ ಸಾರಿಸಿದೆ. ಬಿಸಿಲು ಬೀಳುವುದರೊಳಗೆ ಮಲ್ಲಿಗೆ ಮೊಗ್ಗು ಬಿಡಿಸಿ, ಹಡಗಲಿಗೆ ಹೋಗುವ ಮೊದಲ ಬಸ್ಸಿಗೆ ಗಂಟು ಹಾಕಿ ಬಂದೆ. ತಲೆಗೆ ನೀರು ಹಾಕಿಕೊಂಡು, ದೇವರ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು ಹಾಸಿ, ಅದರ ಮೇಲೆ ಭಂಡಾರದ ಅರಿಶಿನಪುಡಿಯ ಬಟ್ಟಲು ಇಟ್ಟು ಪೂಜೆ ಮುಗಿಸಿದೆ. ಭಾವನವರು ಬಂದು ಹಣೆಗೆ ಭಂಡಾರ ಹಚ್ಚಿಸಿಕೊಂಡು ಹೋದರು. ಅತ್ತೆ ಸಾಯುವಾಗ ಈ ಕಂಬಳಿಯನ್ನು ಭಾವನವರ ಹೆಂಡತಿ, ಹಿರಿಸೊಸೆ ಕೆಂಚಕ್ಕನಿಗೆ ಕೊಡದೆ ನನ್ನ ಕೈಗೆ ಕೊಟ್ಟಳು. ಅವತ್ತಿನಿಂದ ಪ್ರತಿ ಐತವಾರ ಅವರೇ ನಮ್ಮ ಮನೆಗೆ ಬರಬೇಕು. ಕೆಂಚಕ್ಕನಿಗೆ ಆ ತುತ್ತು ಇನ್ನೂ ಗಂಟಲಲ್ಲೇ ಇದೆ.

ಮಗಳು ಸಂಗೀತಾಳ ಹತ್ತನೇ ಇಯತ್ತೆ ಪರೀಕ್ಷೆ ಮುಗಿದು ಒಂಬತ್ತು ದಿನವಾಯಿತು. ಮನೆಯಲ್ಲಿ ಸುಮ್ಮನೆ ಕೂರುವ ಹುಡುಗಿ ಏನಾದರೂ ತೆಗೆಯುತ್ತಾಳೆ ಅಂತ ಗೊತ್ತಿತ್ತು. ಇವತ್ತು ತೆಗೆದಳು.

"ಅವ್ವಾ, ನನ್ನ ಫ್ರೆಂಡ್ಸ್ ಮೂರು ಮಂದಿ ಒಂದ್ ರಾತ್ರಿ ನಮ್ಮನ್ಯಾಗ ಇರ್ತಾರ. ಸ್ಲೀಪ್‌ಓವರ್ ಅಂತಾರ ಅದಕ್ಕ."

"ಹಂಗಂದ್ರ?"

"ಸಂಜಿಕ ಬಂದು, ಉಂಡು, ಹಾಡು ಹಾಕ್ಕೊಂಡು, ಮಾತಾಡಿ, ಮಲಗಿ, ಮುಂಜಾನಿ ಹೋಗೋದು."

"ಅದಕ್ಕ ವಸ್ತಿ ಅಂತಾರ. ವಸ್ತಿ ಬಸ್ಸಿನ ಡ್ರೈವರ್ ಮಾಡ್ತಾನಲ್ಲ, ಅದು."

"ಡ್ರೈವರ್ ಮೆಹಂದಿ ಹಚ್ಕೋತಾನೇನು?"

ಮದುವೆಯಾಗದ ಹೆಣ್ಣುಮಕ್ಕಳು ಕಂಡವರ ಮನೆಯಲ್ಲಿ ಮಲಗುವುದು ನಮ್ಮಲ್ಲಿ ಇಲ್ಲ. ಇಲ್ಲ ಅಂದರೆ ಇಲ್ಲ, ಒಪ್ಪೊತ್ತಿನ ದಿನ ತಲೆ ತಿನ್ನಬೇಡ ಅಂದೆ. ಅಲ್ಲಿಗೆ ಮುಗಿದಿತ್ತು. ಆದರೆ ನಮ್ಮ ಮನೆಗೂ ಭಾವನವರ ಮನೆಗೂ ಒಂದೇ ಗೋಡೆ, ಆ ಗೋಡೆಗೆ ಕೆಂಚಕ್ಕನ ಕಿವಿ. ಹಿತ್ತಲಿಗೆ ಬಂದಳು.

"ಬಿಡಬ್ಯಾಡ ಗಾದೆವ್ವ. ನಿಮ್ಮ ಭಾವ ಒಪ್ಪಂಗಿಲ್ಲ. ಸಂಗೀತಾಗ ನಾನ ಹೇಳ್ತೀನಿ ತಗೋ."

ನನ್ನ ಮಗಳಿಗೆ ಇಲ್ಲ ಅನ್ನುವುದಕ್ಕೆ ನನಗೆ ಬಾಯಿಲ್ಲವೇ? ಅದಕ್ಕೂ ಪಕ್ಕದ ಮನೆಯಿಂದ ಬಾಯಿ ತರಬೇಕೇ? ಕೆಂಚಕ್ಕ ಅಲ್ಲೇ ನಿಂತಿರುವಾಗ ಮಗಳನ್ನು ಕೂಗಿ ಕರೆದೆ.

"ನಿನ್ನ ಗೆಳತ್ಯಾರನ್ನ ಕರಿ. ಯಾವಾಗ ಬರ್ತಾರಂತ?"

ಸಂಗೀತಾ ಬಾಯಿ ತೆರೆದವಳು ಮುಚ್ಚಲಿಲ್ಲ. ಇಪ್ಪತ್ತಾರಕ್ಕೆ, ಶನಿವಾರ ಅಂತ ಗೊತ್ತಾಯಿತು. ಮೈಲಾರಲಿಂಗ, ನಡೆಸಿಕೊಡು.

ಏಪ್ರಿಲ್ 14, ಸೋಮವಾರ

ಅಂಬೇಡ್ಕರ್ ಜಯಂತಿ. ಊರ ತುಂಬ ನೀಲಿ ಬಾವುಟ, ಬ್ಯಾಂಡು. ಸಂಗೀತಾ ಯಾರದೋ ಮನೆಗೆ ಪಾಯಸಕ್ಕೆ ಹೋಗಿದ್ದಳು. ಯಾರ ಮನೆ ಅಂತ ಕೇಳಿದೆ.

"ಸಂಘಮಿತ್ರಾ ಮನಿ. ಅಂಬೇಡ್ಕರ್ ನಗರದಾಗ. ಅವರಪ್ಪ ಸಂಜೀವ ಅಂಕಲ್ ಕರೆಂಟ್ ಆಫೀಸ್‌ನಾಗ ಅದಾರಲ್ಲ?"

ಬರುವ ಮೂವರಲ್ಲಿ ಸಂಘಮಿತ್ರಾ ಅಂತ ಒಬ್ಬಳಿದ್ದಾಳೆ ಅಂತ ಗೊತ್ತಿತ್ತು. ಹೆಸರು ಕೇಳಿ ನಾನು ಜೈನರ ಹುಡುಗಿ ಅಂದುಕೊಂಡಿದ್ದೆ. ರಾತ್ರಿ ಊಟ ಮಾಡುವುದಿಲ್ಲವೇನೋ, ಹೊತ್ತು ಮುಳುಗುವ ಮೊದಲು ಬಡಿಸಬೇಕು ಅಂತ ಲೆಕ್ಕವನ್ನೂ ಹಾಕಿದ್ದೆ.

"ಮೊದಲ ಹೇಳಬಾರದೇನ?" ಅಂದೆ.

"ಏನಂತ ಹೇಳ್ಬೇಕಿತ್ತು?" ಅಂದಳು ಮಗಳು.

ಒಲೆಯ ಮೇಲೆ ಹಾಲಿತ್ತು. ಎದ್ದು ಹೋದೆ.

ನಾನು ಕೆಟ್ಟವಳಲ್ಲ. ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿದವಳಲ್ಲ. ಆದರೆ ಒಳಗೆ ದೇವರ ಕಂಬಳಿ ಇದೆ. ಬೇಡ ಅನ್ನೋಣವೆಂದರೆ ಕೆಂಚಕ್ಕನ ಎದುರು ಆಡಿದ ಮಾತು. ಹಿಂದೆ ತೆಗೆದರೆ ಆಕೆ ವರ್ಷಗಟ್ಟಲೆ ನಗುತ್ತಾಳೆ. ಒಂದು ದಾರಿ ಹೊಳೆದಿದೆ. ಎಲ್ಲರಿಗೂ ಕಾಗದದ ತಟ್ಟೆ ತಂದರಾಯಿತು. ಎಲ್ಲರಿಗೂ ಒಂದೇ ಥರ, ಯಾರಿಗೂ ಬೇಜಾರಿಲ್ಲ. ಈಗಿನ ಮಕ್ಕಳಿಗೆ ಅದೇ ಫ್ಯಾಷನ್ನು.

ಏಪ್ರಿಲ್ 16, ಬುಧವಾರ

ಕಾಗದದ ತಟ್ಟೆ ತಂದೆ. ಹೂವಿನ ಚಿತ್ರ ಇದ್ದದ್ದೇ ತಂದೆ.

ಇನ್ನೊಬ್ಬ ಗೆಳತಿ ಹುಲಿಗೆಮ್ಮ ಬಂದಿದ್ದಳು. ಸಂಗೀತಾಳೂ ಅವಳೂ ಪಡಸಾಲೆಯಲ್ಲಿ ಬೋರಲು ಮಲಗಿ ಸಂಸಾರ ಹೂಡುವವರ ಹಾಗೆ ಲೆಕ್ಕ ಹಾಕಿದರು. ಮೊದಲು ಮೆಹಂದಿ, ಆಮೇಲೆ ಕುಣಿತ, ಆಮೇಲೆ ದೀಪ ಆರಿಸಿ ದೆವ್ವದ ಕಥೆ.

"ದೆವ್ವದ ಕಥಿ ನನಗ ಬಿಡ್ರಿ. ನಮ್ಮಜ್ಜಿ ಕಡೆ ಸ್ಟಾಕ್ ಐತಿ," ಅಂದಳು ಹುಲಿಗೆಮ್ಮ.

"ಉಣ್ಣಾಕ ಏನ ಮಾಡ್ಲಿ?" ಅಂದೆ.

"ಪಿಜ್ಜಾ ತರಸೋಣು ಆಂಟಿ."

"ಅದು ಇಲ್ಲಿಗೆ ಬರೋದ್ರಾಗ ನಿಮ್ಮ ಮದುವಿ ಆಗಿರ್ತಾವು. ಒಗ್ಗಾಣಿ, ಮಿರ್ಚಿ ಮಾಡ್ತೀನಿ. ಮ್ಯಾಲ ಶಾವಿಗಿ ಪಾಯಸ. ಹಸದ ಹೊಟ್ಟೀಲಿ ದೆವ್ವದ ಕಥಿ ಕೇಳಬಾರದು, ಹೆದರಿಕಿ ಜಾಸ್ತಿ ಆಕ್ಕೈತಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ನಗಿಸುವುದಕ್ಕೆ ಹೇಳಿದ್ದಲ್ಲ.

ನಗು ಕೇಳಿ ಗೋಡೆಯಾಚೆಯಿಂದ ಕೆಂಚಕ್ಕ, "ಏನ ಗಾದೆವ್ವ, ಮದುವಿ ಸಂಭ್ರಮ ಏನ?" ಅಂದಳು.

"ಹೌದಕ್ಕ. ನಾಲ್ಕು ಹೆಣ್ಣು ಅದಾವು. ಗಂಡು ಬೇಕಾಗಿಲ್ಲ," ಅಂದೆ.

ಏಪ್ರಿಲ್ 18, ಶುಕ್ರವಾರ

ಸಂಜೆ ಸಂಘಮಿತ್ರಾಳ ತಾಯಿ ಸಮತಾ ಬಂದಿದ್ದರು. ತಾಲೂಕು ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಇಸ್ತ್ರಿ ಮಾಡಿದ ಹತ್ತಿ ಸೀರೆ, ಹೆಗಲಿಗೆ ಚೀಲ. ಕೂರ್ರಿ ಅಂದೆ, ಕೂತರು. ಚಹಾ ಮಾಡಲೇ ಅಂದೆ. "ಮಾಡ್ರಿ" ಅಂದರು. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ.

ಚಹಾ ಕುಡಿದು ಬಟ್ಟಲನ್ನು ಕೆಳಗಿಟ್ಟು ನನ್ನನ್ನು ನೇರ ನೋಡಿದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳನ್ನ ಎಲ್ಲಿ ಮಲಗಿಸ್ತೀರಿ?"

"ಎಲ್ಲಾರ ಕೂಡ. ಪಡಸಾಲ್ಯಾಗ."

"ಉಣ್ಣಾಕ ಯಾವುದ್ರಾಗ ಹಾಕ್ತೀರಿ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಖಾಲಿ ಬಟ್ಟಲು ಎತ್ತಿಕೊಂಡೆ. ಅವರೇ ಹೇಳಿದರು.

"ಹೋದ ವರ್ಷ ಆಕಿ ಕ್ಲಾಸಿನ ಹುಡುಗಿ ಬರ್ತ್‌ಡೇಕ ಹೋಗಿದ್ಲು. ಆಕಿಗೊಬ್ಬಾಕಿಗೆ ಪೇಪರ್ ಪ್ಲೇಟ್, ಉಳದೋರಿಗೆ ಸ್ಟೀಲು. ಆಕಿ ಬಂದು ನನ್ನ ಮುಂದ ಏನೂ ಅನಲಿಲ್ಲ. ಆದ್ರ ಅವತ್ತಿಂದ ಯಾರ ಮನಿಗೂ ಹೋಗಿಲ್ಲ. ಮುಂದಿನ ತಿಂಗಳು ನಮ್ಮೋರಿಗೆ ಕೂಡ್ಲಿಗಿಗೆ ವರ್ಗ ಆಗೈತಿ. ಊರು ಬಿಡೋದ್ರಾಗ ಒಮ್ಮೆ ಹೋಗ್ತೀನಂತ ಈಗ ಆಕೀನ ಬಾಯಿ ಬಿಟ್ಟು ಕೇಳ್ಯಾಳ. ನಿಮ್ಮ ಮನ್ಯಾಗ ಆಗೂದಿಲ್ಲಂದ್ರ ಇಲ್ಲೇ ಹೇಳಿಬಿಡ್ರಿ. ನಾ ಏನರ ನೆವ ಹೇಳಿ ಬಿಡಿಸ್ತೀನಿ. ಆಕಿ ಬಂದ ಮ್ಯಾಲ ಮಾತ್ರ ಏನೂ ಆಗಬಾರದು."

ಕಾಗದದ ತಟ್ಟೆಯ ಕಟ್ಟು ಬಾಗಿಲ ಹಿಂದೆಯೇ ಇತ್ತು. ಗಾಳಿ ಬರಲಿ ಅಂತ ಎದ್ದು ಬಾಗಿಲನ್ನು ಗೋಡೆಗೆ ಸರಿಸಿದೆ.

"ಕಳಸ್ರಿ," ಅಂದೆ. "ನಾ ಬಾ ಅಂದೇನಿ."

ಅವರು ಹೋದ ಮೇಲೆ ಕಟ್ಟನ್ನು ಅಟ್ಟಕ್ಕೆ ಎಸೆದೆ. ಇಲಿ ಕಡಿದರೆ ಕಡಿಯಲಿ.

ಏಪ್ರಿಲ್ 20, ಐತವಾರ

ಒಪ್ಪೊತ್ತು. ಮೊಗ್ಗು ಕಡಿಮೆ. ಪೂಜೆ ಮುಗಿಯುವ ಹೊತ್ತಿಗೆ ಭಾವನವರು ಬಂದರು. ನಮ್ಮ ಭಾವ ಓಬಳೇಶಪ್ಪ ಅಂದರೆ ಕುಲದಲ್ಲಿ ಹಿರಿಯರು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಭಂಡಾರ ಹಚ್ಚಿಸಿಕೊಳ್ಳಲಿಲ್ಲ. ಹೊಸ್ತಿಲ ಹೊರಗೇ ನಿಂತರು.

"ಶನಿವಾರ ಯಾರ‍್ಯಾರು ಬರ್ತಾರಂತ ಗೊತ್ತಾತು. ಆ ನಗರದ ಹುಡುಗಿ ಈ ಮನ್ಯಾಗ ಮಲಗೋದಾದ್ರ ದೇವರ ಕಂಬಳಿ ಇಲ್ಲಿರಬಾರದು. ನಮ್ಮ ಮನಿಗೆ ಬರ್ಲಿ. ಕಂಬಳಿ ಬೇಕೋ, ಆ ಹುಡುಗಿ ಬೇಕೋ? ವಿಚಾರ ಮಾಡಿ ಹೇಳಿ ಕಳಸು."

"ಭಾವಾ, ಮಕ್ಕಳ ಆಟ ಅದು..."

"ನಾ ನಿನ್ನ ಕೂಡ ವಾದ ಮಾಡಾಕ ಬಂದಿಲ್ಲ, ಗಾದೆಮ್ಮ."

ಹೋದರು. ಕೆಂಚಕ್ಕ ಅವರ ಬಾಗಿಲಲ್ಲಿ ನಿಂತಿದ್ದಳು. ಪೆಟ್ಟಿಗೆಯ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತಿದ್ದಳು.

ಈ ಕಂಬಳಿ ಹೋದರೆ ನನಗೆ ಐತವಾರವೇ ಇಲ್ಲ. ಗಂಡ ವರ್ಷಕ್ಕೆ ಆರು ತಿಂಗಳು ಕುರಿಯ ಹಿಂದೆ ಇರುತ್ತಾನೆ. ಆಗೆಲ್ಲ ನಾನು ಮಾತಾಡುವುದು ಇದರ ಮುಂದೆ ಕೂತು. ಅತ್ತೆ ಯಾಕೆ ನನಗೇ ಕೊಟ್ಟಳೋ ಹೇಳಲಿಲ್ಲ. "ಕಂಬಳಿಗೆ ಮೈಲಿಗಿ ಇಲ್ಲ, ಮಡಚಿ ಇಡೋಳಿಗೆ ಸಣ್ಣ ಮನಸ್ಸು ಇರಬಾರದು," ಅಂತ ಒಂದೇ ಮಾತು ಹೇಳಿದ್ದಳು.

ಮೈಲಾರಲಿಂಗನಿಗೇ ಹೂ ಕೇಳಿದೆ. ಬಟ್ಟಲ ಮೇಲೆ ಮಲ್ಲಿಗೆ ಏರಿಸಿ, ಹುಡುಗಿ ಬರಬಹುದಾದರೆ ಬಲಕ್ಕೆ ಕೊಡು ಅಂದೆ. ಎಡಕ್ಕೆ ಬಿತ್ತು. ಫ್ಯಾನಿನ ಗಾಳಿ ಇರಬೇಕು ಅಂತ ಬಂದ್ ಮಾಡಿ ಮತ್ತೆ ಕೇಳಿದೆ. ಎಡಕ್ಕೇ ಬಿತ್ತು.

ಸಂಗೀತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅವ್ವಾ, ಬಟ್ಟಲಾನ ಎಡಕ್ಕ ವಾಲೈತಿ. ದೇವ್ರು ಏನ ಮಾಡಬೇಕು?"

ಬಾಯಿ ಮುಚ್ಚು ಅಂದೆ. ಬಟ್ಟಲು ವಾಲಿದ್ದು ನಿಜ.

ಏಪ್ರಿಲ್ 21, ಸೋಮವಾರ

ಸಂಘಮಿತ್ರಾಳನ್ನು ಬಿಟ್ಟು ಉಳಿದಿಬ್ಬರನ್ನು ಕರೆ ಅಂದೆ. ಆಕೆಗೆ ಬೇರೆ ದಿನ ಮಧ್ಯಾಹ್ನದ ಊಟಕ್ಕೆ ಕರೆಯೋಣ, ಒಳ್ಳೆ ಅಡುಗೆ ಮಾಡುತ್ತೇನೆ ಅಂದೆ.

"ಹಂಗಾದ್ರ ಯಾರೂ ಬ್ಯಾಡ," ಅಂದಳು.

ಊಟ ಮಾಡಿಲ್ಲ. ನಾನೂ ಮಾಡಿಲ್ಲ. ಇವತ್ತು ಒಪ್ಪೊತ್ತೂ ಅಲ್ಲ.

ಏಪ್ರಿಲ್ 23, ಬುಧವಾರ

ಮನೆಯವರು ಸಿರುಗುಪ್ಪದ ಕಡೆಯಿಂದ ಫೋನ್ ಮಾಡಿದ್ದರು. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸುತ್ತಾ ಹೊರಟಿದ್ದಾರೆ. ಗೊಬ್ಬರ ಗದ್ದೆಯವರಿಗೆ, ಕಾಳು ನಮಗೆ. ನನ್ನ ಗಂಡ ಪಾಲಾಕ್ಷಪ್ಪನವರು ಕುರಿಯ ಜತೆ ಆಡುವಷ್ಟು ಮಾತನ್ನು ಮನುಷ್ಯರ ಜತೆ ಆಡುವವರಲ್ಲ. ನಾನೇ ಎಲ್ಲ ಹೇಳಿದೆ. ಕಂಬಳಿ, ಭಾವನವರು, ಹುಡುಗಿ, ಮಗಳ ಉಪವಾಸ. ಆ ಕಡೆಯಿಂದ ಕುರಿಯ ಕೂಗು ಮಾತ್ರ.

"ಅದೀರೋ ಇಲ್ಲೋ?" ಅಂದೆ.

"ಅದೀನಿ. ಅಣ್ಣ ಹಂಗಂದನಾ?"

"ನಾ ಏನ ಸುಳ್ಳ ಹೇಳ್ತೀನಾ?"

"ಅಲ್ಲಲೇ. ಈಗ ನಾ ಎಲ್ಲಿ ಕುಂತೀನಿ ಗೊತ್ತೇನು? ತಿಪ್ಪೇಶ ಮಾಸ್ತರ ಜಗಲಿ ಮ್ಯಾಲ. ಅವರ ಹೊಲದಾಗ ಕುರಿ ತರುಬೀವಿ. ಅವರ ಮನೀ ಸಾರು, ಅವರ ಮನೀ ರೊಟ್ಟಿ. ಗ್ವಾಡಿಗೆ ಬುದ್ಧನ ಫೋಟೋ ಐತಿ. ಸಂಘಮಿತ್ರಾ ಮಂದೀನ ಅವರೂ."

"ನೀವು ಒಮ್ಮೆನೂ ಹೇಳಲಿಲ್ಲ."

"ಹೇಳಾಕ ಏನೈತಿ? ಹಸಿವಾದಾಗ ಉಂಡಿವಿ, ನಿದ್ದಿ ಬಂದಾಗ ಮಲಗಿದಿವಿ. ಈ ಹೊಲ ನಾ ಹಿಡದದ್ದಲ್ಲ. ಅಣ್ಣ ಕುರಿ ಕಾಯೋ ಕಾಲಕ್ಕ ಅಣ್ಣನ ಹಿಡದದ್ದು. ಮಾಸ್ತರ ತಾಯಿ ಇವತ್ತೂ ಕೇಳ್ತಾಳ, ನಿಮ್ಮ ಓಬಳೇಶಿ ಹೆಂಗದಾನ, ನನ್ನ ಕೈಯಾಗಿನ ಮಜ್ಜಿಗಿ ಹುಳಬಾನ ಭಾಳ ಉಣತಿದ್ದ ಅಂತ."

ಫೋನ್ ಇಟ್ಟು ಲೆಕ್ಕ ಹಾಕಿದೆ. ಭಾವನವರು ಎಷ್ಟೋ ವರ್ಷ ಆ ಜಗಲಿಯ ಮೇಲೆ ಮಲಗಿದರು. ಕುರಿ ಬಂತು, ಕಾಳು ಬಂತು, ಆ ಕಾಳಿನಲ್ಲೇ ನಾವೂ ಅವರೂ ಉಂಡೆವು. ಐತವಾರ ಅದೇ ಹಣೆಗೆ ನಾನು ಭಂಡಾರ ಹಚ್ಚಿದೆ. ಕಂಬಳಿ ಒಂದು ಮಾತೂ ಅನ್ನಲಿಲ್ಲ.

ಹಿತ್ತಲಿಗೆ ಹೋಗಿ ಕೆಂಚಕ್ಕನನ್ನು ಕೂಗಿದೆ.

"ಅಕ್ಕಾ, ಭಾವನೋರು ಕುರಿ ಹಿಂದ ಹೋದಾಗ ಎಲ್ಲಿ ಮಲಗತಿದ್ರು ಒಮ್ಮೆ ಕೇಳು."

ಆಕೆಗೆ ಗೊತ್ತಿತ್ತು. ಮುಖ ನೋಡಿದರೇ ತಿಳಿಯಿತು.

"ಅದು ಕುರೀ ಕೆಲಸ," ಅಂದಳು.

"ಇದು ಹುಡುಗ್ಯಾರ ಕೆಲಸ," ಅಂದೆ.

ಸಂಗೀತಾಗೆ ಅಂದೆ: ನಿನ್ನ ಸೇರಿ ನಾಲ್ಕೂ ಮಂದಿ. ಎದ್ದು ಉಣ್ಣು. ಒಂದು ರೊಟ್ಟಿ ಅಂದವಳು ನಾಲ್ಕು ತಿಂದಳು.

ಏಪ್ರಿಲ್ 24, ಗುರುವಾರ

ಭಾವನವರ ಮಗ ಮೌನೇಶ್ ಬಂದಿದ್ದ. ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಎರಡು ಮಕ್ಕಳ ತಂದೆ, ಇನ್ನೂ ಅಪ್ಪನ ಮಾತು ಹೊತ್ತು ತಿರುಗುತ್ತಾನೆ.

"ಚಿಗವ್ವ, ಅಪ್ಪ ಉತ್ತರ ಕೇಳ್ಯಾನ."

"ಐತವಾರ ಮುಂಜಾನಿ ಕೊಡ್ತೀನಿ."

"ಶನಿವಾರನ ಹುಡುಗ್ಯಾರು ಬರ್ತಾವಲ್ಲ?"

"ಅದಕ್ಕ ಐತವಾರ ಅಂದೆ."

ಏಪ್ರಿಲ್ 26, ಶನಿವಾರ

ಅವಸರದಲ್ಲಿ ಬರೆಯುತ್ತಿದ್ದೇನೆ. ಮೆಣಸಿನಕಾಯಿ ಸೀಳಿಟ್ಟಿದ್ದೇನೆ, ಹಿಟ್ಟು ನೆನೆಯುತ್ತಿದೆ.

ಪಡಸಾಲೆ ಬೇಡ, ಮಾಳಿಗೆ ಮೇಲೆ ಅಂತ ನಾನೇ ಹೇಳಿದೆ. ಒಳಗೆ ಸೆಕೆ. ನಮ್ಮ ಮಾಳಿಗೆಗೂ ಭಾವನವರ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಕಟ್ಟೆ ಅಷ್ಟೇ, ಎಲ್ಲ ಕಾಣುತ್ತದೆ ಅಂತ ಸಂಗೀತಾ ಅಂದಳು. ಕಾಣಲಿ. ಬಾಗಿಲು ಹಾಕಿಕೊಂಡು ಮಾಡಲು ನಾವು ಕಳ್ಳತನ ಮಾಡುತ್ತಿದ್ದೇವೆಯೇ? ಗಣೇಶನ ಹಬ್ಬದ ದೀಪದ ಸರ ತೆಗೆದು, ಕಟ್ಟೆಯ ಉದ್ದಕ್ಕೂ ಅವರ ಕಡೆಗೆ ಮುಖ ಮಾಡಿಯೇ ಕಟ್ಟಿಸಿದೆ.

ಹುಲಿಗೆಮ್ಮ ಬಂದಳು. ಮೂರನೆಯ ಗೆಳತಿ ಕೊಟ್ರಮ್ಮ ಬಂದಳು, ಹಾಡಿನ ಡಬ್ಬಿ ತಂದಿದ್ದಾಳೆ. ಈಗ ಸಂಘಮಿತ್ರಾಳನ್ನು ಅವರಪ್ಪ ಗಾಡಿಯಲ್ಲಿ ಬಿಟ್ಟು ಹೋದರು. ಸಣಕಲು ಹುಡುಗಿ, ಕನ್ನಡಕ. ನಮಸ್ತೆ ಆಂಟಿ ಅಂದಳು. ಹೊಸ್ತಿಲ ಹೊರಗೇ ಚಪ್ಪಲಿಯನ್ನು ಬಹಳ ಹೊತ್ತು ಜೋಡಿಸುತ್ತಾ ನಿಂತಳು.

"ಚಪ್ಪಲಿಗೆ ಅಲ್ಲೇ ಮದುವಿ ಮಾಡ್ತೀ ಏನವ್ವ? ಒಳಗ ಬಾ," ಅಂದೆ.

ಎಣ್ಣೆ ಕಾಯಿತು. ಹೋಗಬೇಕು.

ಏಪ್ರಿಲ್ 27, ಐತವಾರ

ಒಪ್ಪೊತ್ತು. ಮಾಳಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೊಗ್ಗು ಬಿಡಿಸಿ ಬಂದೆ, ಕಸ ಆಗಿಲ್ಲ. ನಾಲ್ಕೂ ಇನ್ನೂ ನಿದ್ದೆಯಲ್ಲಿವೆ. ಹುಲಿಗೆಮ್ಮ ಬಾಯಿ ತೆರೆದು ಮಲಗಿದ್ದಾಳೆ, ರಾತ್ರಿ ಆಕೆ ಹೇಳಿದ ದೆವ್ವಗಳೆಲ್ಲ ಒಳಗೆ ಹೋಗಿ ಬರಬಹುದು.

ನಿನ್ನೆ ಊಟಕ್ಕೆ ಕೂತಾಗ ಸಂಘಮಿತ್ರಾ ತನ್ನ ಚೀಲ ಬಿಚ್ಚಿದಳು. ಟವೆಲಿನಲ್ಲಿ ಸುತ್ತಿದ ಒಂದು ಸ್ಟೀಲಿನ ತಟ್ಟೆ, ಒಂದು ಲೋಟ.

"ಇದ್ಯಾಕವ್ವ?"

"ಮನಿಯಿಂದ ತಂದೀನ್ರಿ ಆಂಟಿ. ನಿಮಗ ತೊಂದ್ರಿ ಬ್ಯಾಡಂತ."

"ಅವ್ವ ಕಳಿಸಿದ್ರೇನು?"

"ಇಲ್ರಿ. ಅವ್ವಗ ಗೊತ್ತಿಲ್ಲ. ನಾನ ಹಾಕ್ಕೊಂಡು ಬಂದೆ."

ಮೂರೂ ಹುಡುಗಿಯರು ತಲೆ ತಗ್ಗಿಸಿದರು. ಸಂಗೀತಾಳ ಕಣ್ಣು ತುಂಬಿತ್ತು. ಅಳು ಶುರುವಾದರೆ ಮಿರ್ಚಿ ಆರುತ್ತದೆ. ಆ ತಟ್ಟೆ ಇಸಿದುಕೊಂಡು ನನ್ನ ಮುಂದೆ ಇಟ್ಟುಕೊಂಡೆ. ನನ್ನ ತವರಿನ ಕಂಚಿನ ತಟ್ಟೆಯಲ್ಲಿ ಆಕೆಗೆ ಬಡಿಸಿದೆ. ಆಕೆ ಮೊದಲು ಮುಟ್ಟಲಿಲ್ಲ, ಆಮೇಲೆ ಮೂರು ಸಲ ಒಗ್ಗಾಣಿ ಹಾಕಿಸಿಕೊಂಡಳು. ನಾನು ಅವಳ ತಟ್ಟೆಯಲ್ಲಿ ಉಂಡೆ. ತುಸು ಸಣ್ಣ ತಟ್ಟೆ, ಪಾಯಸ ಹರಿದು ಮಿರ್ಚಿಗೆ ತಾಕುತ್ತದೆ.

ಆಮೇಲೆ ಕುಣಿದರು ನೋಡು! ತಂಪಾಗಲಿ ಅಂತ ನಾನು ನಾಲ್ಕು ಕೊಡ ನೀರು ಚಿಮುಕಿಸಿದ್ದೆ, ಅವರು ಇನ್ನೂ ನಾಲ್ಕು ತಂದು ಒಬ್ಬರ ಮೇಲೊಬ್ಬರು ಸುರಿದರು. ನನ್ನ ಕೈಗೂ ಮೆಹಂದಿ ಹಚ್ಚಿದರು. "ಆಂಟಿ, ಅಂಕಲ್ ಹೆಸರು ಬರೀಲೇನ್ರಿ?" ಅಂದಳು ಕೊಟ್ರಮ್ಮ. ಅವರ ತಲಿ ತುಂಬ ಕುರಿ ಅದಾವ, ಹೆಸರ ಬರದು ಏನ ಮಾಡ್ತೀ ಅಂದೆ. ಕೊನೆಗೆ ಅಂಗೈಯಲ್ಲಿ ಒಂದು ಕುರಿಯ ಚಿತ್ರ ಬಿಡಿಸಿದರು. ನಾಯಿಯ ಹಾಗಿದೆ. ಪರವಾಗಿಲ್ಲ.

ಭಾವನವರು ತಮ್ಮ ಮಾಳಿಗೆಗೆ ಹತ್ತಿ ಒಮ್ಮೆ ಕೆಮ್ಮಿ ಇಳಿದರು. ನಾನು ಹಾಡಿನ ಡಬ್ಬಿ ಸಣ್ಣ ಮಾಡಿಸಲಿಲ್ಲ. ಕೊಟ್ರಮ್ಮ ತಾನಾಗಿ ಸಣ್ಣ ಮಾಡಲು ಹೋದಾಗ, "ಇರ್ಲಿ ಬಿಡು, ಕೆಮ್ಮಿಗೆ ಹಾಡು ಒಳ್ಳೇದು," ಅಂದೆ.

ಮಲಗುವ ಹೊತ್ತಿಗೆ ತೊಂದರೆಯಾಯಿತು. ಕಂಬಳಿಗಳೆಲ್ಲ ಕುರಿಯ ಜತೆ ಹೋಗಿವೆ, ಮನೆಯಲ್ಲಿ ಹಾಸಲು ಉಳಿದದ್ದು ಒಂದು ಸಣ್ಣದು. ಅದರಲ್ಲಿ ಮೂವರು ಒತ್ತೊತ್ತಾಗಿ ಬಿದ್ದುಕೊಂಡರು. ಸಂಘಮಿತ್ರಾ ಯಾರೂ ಹೇಳದೆಯೇ ಒಂದು ಮೊಳ ಬಿಟ್ಟು, ತಾನು ತಂದ ಬೆಡ್‌ಶೀಟು ಹಾಸಿಕೊಂಡಳು. ಇತ್ತ ಬಾ ಅಂತ ಸಂಗೀತಾ ಎಳೆದಳು. ಇಲ್ಲೇ ಆರಾಮ ಐತಿ ಅಂದಳು. ಆಮೇಲೆ ಹೊಳೆಯ ಕಡೆಯಿಂದ ಗಾಳಿ ಎದ್ದಿತು. ನೆಲ ಹಸಿ, ಬೆಡ್‌ಶೀಟು ತೊಯ್ದು ಹೋಗಿತ್ತು. ಆ ಹುಡುಗಿ ಮೊಣಕಾಲು ಎದೆಗೆ ಹಚ್ಚಿಕೊಂಡು ಮುದುಡಿತ್ತು, ಆದರೂ ಸರಿದಿರಲಿಲ್ಲ.

ನಾಲ್ಕು ಮಂದಿ ಹಿಡಿಯುವ ಕಂಬಳಿ ಮನೆಯಲ್ಲಿ ಒಂದೇ ಇದೆ. ಕೆಳಗೆ ಹೋಗಿ ಪೆಟ್ಟಿಗೆ ತೆಗೆದೆ. ಎಬ್ಬಿಸಿ, ಹಾಸಿ, ನಾಲ್ವರನ್ನೂ ಸಾಲಾಗಿ ಅದರ ಮೇಲೆ ಕೆಡವಿದೆ. ಆಕೆಯನ್ನು ನಡುವೆ ಹಾಕಿದೆ. ಹೂ ಕೇಳಬೇಕಿತ್ತು ಅಂತ ಈಗ ಬರೆಯುವಾಗ ನೆನಪಾಯಿತು.

ಬೆಳಗ್ಗೆ ಪೂಜೆಯ ಹೊತ್ತಾಯಿತು, ಕಂಬಳಿ ಹುಡುಗಿಯರ ಕೆಳಗಿದೆ. ಎಳೆದರೆ ಏಳುತ್ತವೆ. ಭಂಡಾರದ ಬಟ್ಟಲನ್ನು ಮಾಳಿಗೆಗೇ ತಂದು, ಕಂಬಳಿಯ ಮೂಲೆಯಲ್ಲಿ ಹುಲಿಗೆಮ್ಮನ ಕಾಲಿನಿಂದ ಒಂದಿಷ್ಟು ದೂರ ಇಟ್ಟು ಕೈ ಮುಗಿದೆ. ಅಷ್ಟು ಜಾಗ ಸಾಕಾಯಿತು.

ಸಂಘಮಿತ್ರಾ ಕಣ್ಣು ಬಿಟ್ಟು ನೋಡುತ್ತಿದ್ದಳು. ನನ್ನ ಬೆರಳಲ್ಲಿ ಭಂಡಾರವಿತ್ತು.

"ನಿಮ್ಮನ್ಯಾಗ ಇದನ್ನ ಮಾಡೂದಿಲ್ಲಲ್ಲ?"

"ಇಲ್ರಿ ಆಂಟಿ." ಆಮೇಲೆ ಮೆಲ್ಲಗೆ, "ಬ್ಯಾಡ್ರಿ," ಅಂದಳು.

"ಬ್ಯಾಡಂದ್ರ ಬ್ಯಾಡ. ಮಕ್ಕೋ, ಇನ್ನೂ ಬಿಸಿಲು ಬಿದ್ದಿಲ್ಲ."

ಆ ಕಡೆ ತಿರುಗಿ ಮಲಗಿದಳು, ಸಂಗೀತಾಳ ತೋಳನ್ನೇ ದಿಂಬು ಮಾಡಿಕೊಂಡು.

ಅಷ್ಟರಲ್ಲಿ ಕೆಳಗಿನಿಂದ ಮೌನೇಶ್ ಕೂಗಿದ. ಮೆಟ್ಟಿಲ ತುದಿಗೆ ಹೋಗಿ, ಮೆಲ್ಲಗೆ ಮಾತಾಡು ಅಂತ ಕೈ ಮಾಡಿದೆ.

"ಚಿಗವ್ವ, ಅಪ್ಪ ಹಲ್ಲುಜ್ಜಿ ಕುಂತಾನ. ಕಂಬಳಿ ಕೊಡ್ತಾಳೋ ಇಲ್ಲೋ, ಇವತ್ತ ಹೇಳಬೇಕಂತ."

"ಕೊಡಂಗಿಲ್ಲ ಅಂತ ನಾ ಯಾವಾಗ ಅಂದೆ? ಒಯ್ಯಲಿ."

ಅವನಿಗೇ ನಂಬಿಕೆ ಬರಲಿಲ್ಲ. "ಖರೇನ? ಎಲ್ಲೈತಿ ತಾ ಮತ್ತ."

"ಮ್ಯಾಲ ಹಾಸೈತಿ. ನಾಲ್ಕು ಮಂದಿ ಮಲಗ್ಯಾರ."

"ನಾಲ್ಕು... ಆಕಿನೂ?"

"ಆಕಿ ನಡುವ ಅದಾಳ."

ಮೌನೇಶ್ ಬಾಯಿಗೆ ಕೈ ಹಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಅವನ ಹೆಗಲು ಅಲುಗಿತು. ನಗು ಬಂದಿತ್ತು ಅವನಿಗೆ.

"ಅಲ್ಲ ಚಿಗವ್ವ, ಈಗ ಅಪ್ಪ ಅದನ್ನ ಮುಟ್ತಾನೇನು?"

"ಮುಟ್ಟಿದ್ರ ಕಂಬಳಿಗೆ ಮೈಲಿಗಿ ಇಲ್ಲಂತ ಅವರ ಒಪ್ಪಿದಂಗಾತು. ಮುಟ್ಟದಿದ್ರ ನನ್ನ ಮನ್ಯಾಗ ಇರ್ತೈತಿ. ಅವರಿಗೆ ಯಾವುದು ಬೇಕೋ ನೋಡಿಕೊಳ್ಳಲಿ."

ರಾತ್ರಿ ಹಾಸುವಾಗ ಇದೆಲ್ಲ ನನ್ನ ತಲೆಯಲ್ಲಿ ಇರಲಿಲ್ಲ. ಹುಡುಗಿಗೆ ಚಳಿಯಾಗಿತ್ತು, ಹಾಸಿದೆ. ಉಳಿದದ್ದು ಮೆಟ್ಟಿಲ ಮೇಲೆ ಬಾಯಿಗೆ ಬಂತು.

"ಹಂಗಾದ್ರ ನಾ ಏನಂತ ಹೇಳ್ಲಿ? ಬರೇಗೈಲೇ ಹೋದ್ರ ನನಗ ಬೈತಾನ."

"ಗಾದೆಮ್ಮ ಉತ್ತರ ಮಾಳಿಗಿ ಮ್ಯಾಲ ಹಾಸಿಟ್ಟಾಳ ಅನ್ನು. ತಿಪ್ಪೇಶ ಮಾಸ್ತರ ತಾಯಿ ಕೇಳಿದ್ಲು ಅಂತನೂ ಹೇಳು, ಹುಳಬಾನದಾಕಿ. ಹುಡುಗ್ಯಾರು ಏಳೋಮಟ ತಡೀಲಿ, ನಿದ್ದಿ ಕೆಡಿಸಬಾರದು. ಎದ್ದ ಮ್ಯಾಲ ನಿಮ್ಮಪ್ಪನ್ನ ಕಳಸು. ತಾನ ಮೆಟ್ಟಿಲ ಹತ್ತಿ ಬಂದು ನನ್ನ ಉತ್ತರ ಒಯ್ಯಲಿ."